ಹಗ್ಗದಲ್ಲಿ ಮೇಲೇರುವ ಫ್ಲಾಸ್ಕ್

ಕಾಫಿಪುಡಿ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವಳು ನಾನು. ಒಂದು ಚಿಟಿಕೆ ಪುಡಿಯನ್ನು ಬೆರಳಲ್ಲಿ ಉಜ್ಜಿದರೆ ಸಾಕು, ಬೀಜ ಎಷ್ಟು ಹುರಿದಿದೆ, ಚಿಕೋರಿ ಎಷ್ಟು ಬಿದ್ದಿದೆ ಎಂದು ಹೇಳಬಲ್ಲೆ. ಗಿರಾಕಿಗಳು ಅಂಗಡಿಯೊಡತಿ ದೊಡ್ಡಮ್ಮನನ್ನು ಬಿಟ್ಟು ನನ್ನನ್ನೇ ಕೇಳಿಕೊಂಡು ಬರುತ್ತಾರೆ. ಈ ಜಂಭವೇ ನನಗೆ ಮುಳುವಾಯಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನ ಮೇಲೆ ಕನಿಕರ ಪಡುವುದು ಬೇಡ.

ನಮ್ಮ ಯಜಮಾನರು ಟವರ್ ಕ್ರೇನ್ ನಡೆಸುತ್ತಾರೆ. ಅಂಗಡಿಯಿಂದ ಎರಡು ರಸ್ತೆ ಆಚೆ ಆಗ ಇಪ್ಪತ್ತೆರಡು ಮಹಡಿಯ ಕಟ್ಟಡವೊಂದು ಏಳುತ್ತಿತ್ತು. ಅಂಗಡಿ ಮೆಟ್ಟಿಲ ಮೇಲೆ ನಿಂತು ಕತ್ತೆತ್ತಿದರೆ ಅವರ ಗಾಜಿನ ಕ್ಯಾಬಿನ್ನು ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು. ಬೆಳಿಗ್ಗೆ ಏಳಕ್ಕೆ ಹತ್ತಿದರೆ ಇಳಿಯುವುದು ಮೂರಕ್ಕೇ. ಏಣಿಗೆ ಎರಡೂ ಕೈ ಬೇಕಲ್ಲ, ಹಾಗಾಗಿ ಬರಿಗೈಯಲ್ಲಿ ಹತ್ತುತ್ತಾರೆ. ಊಟದ ಡಬ್ಬಿ, ಕಾಫಿ ಫ್ಲಾಸ್ಕ್ ಹಿಂದಿನಿಂದ ಒಂದು ಹಗ್ಗದಲ್ಲಿ ಮೇಲೆ ಹೋಗುತ್ತವೆ.

ಹಗ್ಗಕ್ಕೆ ಕಟ್ಟುವವನು ನನ್ನ ತಮ್ಮ. ಸೈಟಿನಲ್ಲಿ ಅವನನ್ನು ಎಲ್ಲರೂ ಮೊಳೆ ಎನ್ನುತ್ತಾರೆ. ತೆಳ್ಳಗೆ, ನೆಟ್ಟಗೆ, ತಲೆ ಮಾತ್ರ ಸ್ವಲ್ಪ ದೊಡ್ಡದು. ಮದುವೆಯಾಗಿ ಎರಡು ಮಕ್ಕಳಾದರೂ ಮೈ ಹತ್ತಲಿಲ್ಲ. ಕೊಕ್ಕೆಗೆ ಭಾರ ಸಿಕ್ಕಿಸುವುದು, ಬಿಡಿಸುವುದು, ಕೆಳಗಿನಿಂದ ವಾಕಿಟಾಕಿಯಲ್ಲಿ “ಇಳಿಸಿ ಭಾವ, ಸಾಕು ಭಾವ” ಎನ್ನುವುದು ಅವನ ಕೆಲಸ. ನನ್ನ ಗಂಡನ ಕೈಗೂ ನನ್ನ ತಮ್ಮನ ತಲೆಗೂ ನಡುವೆ ಒಂದು ಉಕ್ಕಿನ ಹಗ್ಗ ಅಷ್ಟೇ. ಆ ಕೆಲಸವನ್ನು ಅವನಿಗೆ ಹಟ ಹಿಡಿದು ಕೊಡಿಸಿದವಳು ನಾನೇ. ಮನೆಯವರ ಕಣ್ಣಳತೆಯಲ್ಲಿ ಇರಲಿ ಅಂತ.

ಯಜಮಾನರ ನಿದ್ದೆ ಕೆಟ್ಟಿದ್ದು ಆ ಕಟ್ಟಡ ಹತ್ತನೇ ಮಹಡಿ ದಾಟಿದ ಮೇಲೆ. ಹಗಲಿಡೀ ಕಣ್ಣು ಎವೆಯಿಕ್ಕದೆ ಕೆಳಗೆ ನೋಡಬೇಕು. ಅದಕ್ಕೆ ಕಾಫಿ. ಮೊದಲು ಮೂರು ಲೋಟ, ಆಮೇಲೆ ಐದು, ಆಮೇಲೆ ದೊಡ್ಡ ಫ್ಲಾಸ್ಕು. ಕೊನೆಯ ಲೋಟ ಇಳಿಯುವ ಮುಂಚೆ, ಎರಡೂವರೆಗೆ. ಮನೆಗೆ ಬಂದ ಮೇಲೆ ಆರಕ್ಕೆ ಇನ್ನೊಂದು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮೈ ದಣಿಸಿದರೆ ನಿದ್ದೆ ತಾನಾಗಿ ಬರುತ್ತದೆ ಎಂದು ಯಾರೋ ಪುಣ್ಯಾತ್ಮ ಕಿವಿಯೂದಿದ. ಇವರು ಒಂದು ಸ್ಕಿಪ್ಪಿಂಗ್ ಹಗ್ಗ ತಂದರು.

ಊಟ ಮುಗಿಸಿ, ಒಂಬತ್ತೂವರೆಗೆ ತಾರಸಿಗೆ ಹೋಗಿ ಹಾರುವುದು. ಟಪ್, ಟಪ್, ಟಪ್. ನಮ್ಮ ಕೆಳಮನೆಯ ಅಜ್ಜಿ ಬೆಳಿಗ್ಗೆ ನನ್ನನ್ನು ಹಿಡಿದುಕೊಂಡು, “ನಿನ್ನ ಗಂಡ ನಿನ್ನೆ ಒಂಬೈನೂರ ನಲವತ್ತು ಹಾರಿದಾನೆ ಕಣೇ, ನಾನೇ ಎಣಿಸ್ದೆ. ಅವನಿಗೆ ನಿದ್ದೆ ಬಂತೋ ಇಲ್ವೋ, ನನಗಂತೂ ಬರ್ಲಿಲ್ಲ” ಎಂದರು. ಇವರಿಗೂ ಬಂದಿರಲಿಲ್ಲ. ಹಾರಿ ಬಂದು ಮಲಗಿದರೆ ಮೈ ಕಾದ ಹಂಚು. ಎದೆ ಹೊಡೆದುಕೊಳ್ಳುವುದು ಪಕ್ಕದ ದಿಂಬಿನಲ್ಲಿದ್ದ ನನಗೂ ಕೇಳುತ್ತಿತ್ತು. ಕಣ್ಣು ಮುಚ್ಚಿಕೊಂಡು ಸುಮ್ಮನೆ ಬಿದ್ದಿರುತ್ತಿದ್ದರು, ಮೂರು ಗಂಟೆಗೆ ಹೇಗೋ ಜೊಂಪು ಹತ್ತುತ್ತಿತ್ತು, ಐದೂವರೆಗೆ ಏಳಬೇಕು.

ಎಬ್ಬಿಸುವುದೇ ಒಂದು ಗಂಡಾಂತರ. ಅಲಾರಾಂ ಹೊಡೆದರೆ ಬೆಚ್ಚಿಬಿದ್ದು ಬಲಗೈಯನ್ನು ರಪ್ಪೆಂದು ಮುಂದಕ್ಕೆ ಬೀಸುತ್ತಿದ್ದರು. ಎರಡು ಗಡಿಯಾರ, ಒಂದು ದೀಪ, ಒಮ್ಮೆ ನನ್ನ ತುಟಿ ಒಡೆದಿದೆ. ಕುಕ್ಕರ್ ಕೂಗಿದರೂ ಅದೇ, ಹೆಸರು ಹಿಡಿದು ಕರೆದರೂ ಅದೇ. ಕೊನೆಗೆ ನಾನು ಒಂದು ಉಪಾಯ ಕಂಡುಕೊಂಡೆ. ಎಡಗಾಲಿನ ಪಾದವನ್ನು ಹೆಬ್ಬೆರಳಿಂದ ಮೆಲ್ಲಗೆ ಉಜ್ಜುತ್ತಾ ಇದ್ದರೆ ಅಲುಗದೆ ಕಣ್ಣು ಬಿಡುತ್ತಾರೆ. ಮೂರು ತಿಂಗಳಿಂದ ದಿನಾ ಹಾಗೆಯೇ ಎಬ್ಬಿಸುತ್ತಿದ್ದೆ.

ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಆಕೆ ಎಲ್ಲ ಕೇಳಿ ನಕ್ಕುಬಿಟ್ಟರು.

“ಮಧ್ಯಾಹ್ನ ಕುಡಿದ ಕಾಫಿ ಮಲಗೋ ಹೊತ್ತಿಗೂ ಪೂರ್ತಿ ಇಳಿದಿರಲ್ಲ. ಅದರ ಮೇಲೆ ನೀವು ಕುಣಿದು ಮೈ ಬಿಸಿ ಮಾಡ್ಕೊಂಡು ಹಾಸಿಗೆಗೆ ಹೋಗ್ತೀರ. ಬೆಂಕಿ ಹಚ್ಚಿ ಆಮೇಲೆ ಯಾಕೆ ಸೆಕೆ ಅಂತೀರಲ್ಲ! ವ್ಯಾಯಾಮ ಒಳ್ಳೇದೇ. ಬೆಳಿಗ್ಗೆ ಮಾಡಿ, ಸಂಜೆ ಬೇಗ ಮಾಡಿ. ಕಾಫಿ ವಾರವಾರ ಸ್ವಲ್ಪ ಸ್ವಲ್ಪ ಇಳಿಸಿ. ಒಂದೇ ಸಲ ಬಿಡಬೇಡಿ. ಬಿಟ್ಟರೆ ತಲೆ ಸಿಡಿಯುತ್ತೆ, ಕೂತಲ್ಲೇ ತೂಕಡಿಕೆ ಬರುತ್ತೆ. ಸೈಟಿನಲ್ಲಿ ಹೇಳಿ, ಒಂದಷ್ಟು ದಿನ ಕ್ರೇನ್ ಹತ್ತಬೇಡಿ.”

ಹೊರಗೆ ಬಂದದ್ದೇ ಇವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿದರು.

“ನಿದ್ದೆ ಬರಲ್ಲ ಅಂತ ಸೂಪರ್‌ವೈಸರ್ ಹತ್ರ ಹೇಳಿದ್ರೆ ನಾಳೆ ನನ್ನ ಕೈಗೆ ಸನಿಕೆ ಕೊಡ್ತಾನೆ. ಮತ್ತೆ ಮೇಲೆ ಬಿಡ್ತಾನಾ?”

“ಬೆಳಿಗ್ಗೆ ಹಾರೋದಾದ್ರೂ ಮಾಡ್ರಿ.”

“ಐದು ಗಂಟೆಗೆ ಎದ್ದು ಕುಪ್ಪಳಿಸೋಕೆ ನಾನೇನು ಕಪ್ಪೆನಾ?”

ಇವರ ಜೊತೆ ವಾದ ಮಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ನಾನು ವಾದ ಮಾಡಲಿಲ್ಲ. ನನ್ನ ಕೈಯಲ್ಲಿ ವಿದ್ಯೆ ಇತ್ತಲ್ಲ.

ಚಿಕೋರಿ ಎಂದರೆ ಹುರಿದು ಪುಡಿ ಮಾಡಿದ ಬೇರು. ಬಣ್ಣ ಬರುತ್ತದೆ, ಕಹಿ ಬರುತ್ತದೆ, ಡಿಕಾಕ್ಷನ್ ಗಟ್ಟಿಯಾಗುತ್ತದೆ. ಎಚ್ಚರ ಇಡುವ ಗುಣ ಮಾತ್ರ ಅದರಲ್ಲಿ ಚೂರೂ ಇಲ್ಲ. ಮನೆಯ ಡಬ್ಬಿಯಲ್ಲಿ ಮೊದಲ ವಾರ ಕಾಲು ಭಾಗ ಕಾಫಿ ತೆಗೆದು ಆ ಜಾಗಕ್ಕೆ ಚಿಕೋರಿ ಹಾಕಿದೆ. ಎರಡನೇ ವಾರ ಅರ್ಧ. ಮೂರನೇ ವಾರ ಮುಕ್ಕಾಲು. ರುಚಿ ಸಿಕ್ಕಿಬೀಳಬಾರದು ಅಂತ ಕಪ್ಪಗೆ ಹುರಿದ ಬಾರ್ಲಿ ಸ್ವಲ್ಪ ಬೆರೆಸಿದೆ. ನಾಲ್ಕನೇ ವಾರಕ್ಕೆ ಆ ಡಬ್ಬಿಯಲ್ಲಿ ಕಾಫಿ ಎಂಬುದು ಹೆಸರಿಗೂ ಇರಲಿಲ್ಲ. ಸಂಜೆ ಲೋಟ ಕೊಟ್ಟರೆ ಇವರು ಚಪ್ಪರಿಸಿ, “ಏನೇ ಹೇಳು, ನಿನ್ನ ಕೈಗುಣನೇ ಬೇರೆ” ಎಂದರು. ನಾನು ಒಳಗೆ ಹೋಗಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕೆ.

ಆದರೆ ನಿದ್ದೆ ಬರಲಿಲ್ಲ. ಹಾರುವುದು ಒಂಬೈನೂರರಿಂದ ಸಾವಿರದ ಇನ್ನೂರಕ್ಕೆ ಏರಿತು. ಕಾಫಿಯೇ ಇಲ್ಲದ ಕಾಫಿ ಕುಡಿದು ರಾತ್ರಿಯಿಡೀ ಎಚ್ಚರ ಇರುವ ಗಂಡನನ್ನು ನೋಡಿ ನನಗೆ ಭಯ ಹತ್ತಿತು. ಇದು ಬೇರೇನೋ ದೊಡ್ಡ ಕಾಯಿಲೆ ಇರಬಹುದೇ ಅನ್ನಿಸಿತು.

ಗುಟ್ಟು ಬಯಲಾದದ್ದು ಒಂದು ಭಾನುವಾರ. ತಮ್ಮ ನಮ್ಮ ಮನೆಗೆ ಬಂದಿದ್ದ. ಯಜಮಾನರು ಬಚ್ಚಲಲ್ಲಿದ್ದರು. ಮೂಗು ಒರೆಸಿಕೊಳ್ಳಲು ಅವನು ಜೇಬಿನಿಂದ ಕರ್ಚೀಫು ಎಳೆದಾಗ ಇನ್‌ಸ್ಟಂಟ್ ಕಾಫಿಯ ಪುಟ್ಟ ಪುಟ್ಟ ಪೊಟ್ಟಣಗಳು ನೆಲಕ್ಕೆ ಬಿದ್ದವು. ಒಂದಲ್ಲ ಎರಡಲ್ಲ, ಎಂಟು.

“ಇದೇನೋ?”

ಅವನು ಹುಡುಗಾಟಕ್ಕೆ ಹಲ್ಲು ಕಿರಿದ. ನಾನು ಕಿವಿ ಹಿಡಿದೆ. ಎರಡು ಮಕ್ಕಳ ತಂದೆಯ ಕಿವಿ.

“ಬಿಡಕ್ಕಾ, ಹೇಳ್ತೀನಿ. ಮೂರು ವಾರದ ಹಿಂದೆ ಭಾವ ಮೇಲೆ ಕೂತು ಮಂಕಾಗ್ತಾ ಇದ್ರು. ‘ಇಳಿಸಿ’ ಅಂದ್ರೆ ಎರಡು ಸಲ ಅನ್ನಬೇಕು. ಕೆಳಗೆ ನಿಂತಿರೋನು ನಾನಲ್ವಾ? ಅದಕ್ಕೆ ಹಗ್ಗಕ್ಕೆ ಕಟ್ಟೋ ಮುಂಚೆ ಫ್ಲಾಸ್ಕಿಗೆ ನಾಲ್ಕು ಪೊಟ್ಟಣ ಸುರಿದು ಅಲ್ಲಾಡಿಸ್ತೀನಿ. ಈಗ ಗರುಡ ಇದ್ದ ಹಾಗೆ ಇರ್ತಾರೆ.”

ನನಗೆ ಎಲ್ಲಿತ್ತೋ ಸಿಟ್ಟು. ಒಂದು ತಿಂಗಳ ನನ್ನ ಶ್ರಮವನ್ನು ಈ ಮೊಳೆ ದಿನಾ ಬೆಳಿಗ್ಗೆ ನಾಲ್ಕು ಪೊಟ್ಟಣದಲ್ಲಿ ಮುಳುಗಿಸುತ್ತಿದ್ದ. “ನೀನೇನು ಡಾಕ್ಟರಾ? ಯಾರನ್ನ ಕೇಳಿ ಹಾಕ್ದೆ? ಕದ್ದುಮುಚ್ಚಿ ಇನ್ನೊಬ್ಬರ ಹೊಟ್ಟೆಗೆ ಏನಾದ್ರೂ ಹಾಕ್ತಾರೇನೋ, ನಾಚಿಕೆ ಆಗಲ್ವಾ?” ಎಂದು ಜಾಡಿಸಿದೆ. ನಾಳೆಯಿಂದ ಒಂದು ಚೂರೂ ಹಾಕಬಾರದು ಎಂದು ಆಣೆ ಮಾಡಿಸಿಕೊಂಡೆ. ಅವನು ಪಾಪ, “ನಿನ್ನಾಣೆ ಅಕ್ಕ, ಹಾಕಲ್ಲ” ಎಂದು ಪೊಟ್ಟಣಗಳನ್ನು ನನ್ನ ಕೈಗೇ ಕೊಟ್ಟ.

ನನ್ನ ಡಬ್ಬಿಯ ವಿಷಯ ಆಗಲೇ ಹೇಳಬೇಕಿತ್ತು. ನಾಲಿಗೆ ತುದಿಗೂ ಬಂತು. ಆದರೆ ಕದ್ದುಮುಚ್ಚಿ ಹಾಕುವುದು ನಾಚಿಕೆಗೇಡು ಎಂದು ಆಗತಾನೇ ಕೂಗಾಡಿದವಳು, ನಾನೂ ಅದನ್ನೇ ಮಾಡಿದ್ದೇನೆ ಎಂದು ತಮ್ಮನ ಮುಂದೆ ಹೇಗೆ ಹೇಳಲಿ? ನುಂಗಿಕೊಂಡೆ.

ಸೋಮವಾರ ಇವರು ತಲೆ ಹಿಡಿದುಕೊಂಡು ಮನೆಗೆ ಬಂದರು. ನೆತ್ತಿಗೆ ಎಣ್ಣೆ ತಟ್ಟಿದೆ. ವಾಕಿಟಾಕಿಯ ಸದ್ದು ತಲೆಯೊಳಗೆ ಕೊರೆದ ಹಾಗಾಗುತ್ತದೆ, ಅದಕ್ಕೆ ಸಣ್ಣ ಮಾಡಿ ಇಟ್ಟಿದ್ದೆ ಎಂದರು. ಆದರೂ ರಾತ್ರಿ ಹಾರಿದರು. ಆದರೂ ಮೂರರವರೆಗೆ ಎಚ್ಚರವಿದ್ದರು. ಬೆಳಿಗ್ಗೆ ನಾನು ಪಾದ ಉಜ್ಜಲು ಕೂತವಳು ಕಾಲು ಗಂಟೆ ಉಜ್ಜಬೇಕಾಯಿತು. ಕಣ್ಣು ಬಿಟ್ಟು, “ಇವತ್ತು ರಜಾ ಹಾಕ್ಲಾ?” ಎಂದರು. ಇಪ್ಪತ್ತು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದಿದ್ದೇ ಇಲ್ಲ. “ಹಾಕ್ರಿ” ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ತಾವೇ ಎದ್ದು ಅಂಗಿ ಹಾಕಿಕೊಂಡರು. ನಾನು ಫ್ಲಾಸ್ಕ್ ತುಂಬಿಸಿ ಕೊಟ್ಟೆ.

ಹತ್ತು ಗಂಟೆಗೆ ರಿಟೈರಾದ ಮೇಷ್ಟ್ರೊಬ್ಬರು ಅಂಗಡಿಗೆ ಬಂದರು, ವಾಡಿಕೆಯ ಗಿರಾಕಿ. ಪುಡಿ ಬೀಸುವಾಗ ಅವರಿಗೆ ಏನಾದರೂ ಮಾತಾಡುತ್ತಿರಬೇಕು.

“ಒಂದ್ಸಲ ಪಂತ ಕಟ್ಟಿ ಕಾಫಿ ಬಿಟ್ಟಿದ್ದೆ ಕಣಮ್ಮ. ಮೊದಲನೇ ದಿನ ತಲೆನೋವು. ಎರಡನೇ ದಿನ ನೋಡು, ಪರೀಕ್ಷೆ ಹಾಲಿನಲ್ಲಿ ಕುರ್ಚಿ ಮೇಲೆ ಕೂತೋನು ಹಾಗೇ ಗೊರಕೆ! ಮಕ್ಕಳೆಲ್ಲ ಒಬ್ಬರದ್ದೊಬ್ಬರು ನೋಡಿ ಬರೆದು ಪಾಸಾದ್ರು.”

ದೊಡ್ಡಮ್ಮ ಬಿದ್ದು ಬಿದ್ದು ನಕ್ಕರು. ನಾನೂ ನಗಲು ಹೊರಟೆ. ಮೊದಲನೇ ದಿನ ತಲೆನೋವು, ಎರಡನೇ ದಿನ ನಿದ್ದೆ. ಡಾಕ್ಟರಮ್ಮ ಹೇಳಿದ್ದೂ ಅದೇ. ನಿಧಾನವಾಗಿ ಇಳಿಸಿದೆ ಎಂದುಕೊಂಡಿದ್ದೆನಲ್ಲ, ಅಷ್ಟನ್ನೂ ತಮ್ಮ ತುಂಬಿಕೊಡುತ್ತಿದ್ದ. ಇವರಿಗೆ ಕಾಫಿ ನಿಂತದ್ದು ಒಂದೇ ಏಟಿಗೆ, ನಿನ್ನೆ ಬೆಳಿಗ್ಗೆ, ನಾನು ಹಾಕಿಸಿದ ಆಣೆಯಿಂದ. ಪುಡಿಯ ಪೊಟ್ಟಣವನ್ನು ತಕ್ಕಡಿ ಮೇಲೇ ಬಿಟ್ಟೆ.

ಮೆಟ್ಟಿಲ ಮೇಲೆ ಬಂದು ಕತ್ತೆತ್ತಿದೆ. ಕ್ರೇನಿನ ಉದ್ದನೆಯ ತೋಳು ನಿಂತಿತ್ತು. ನಿಲ್ಲುವುದು ಇದ್ದದ್ದೇ. ನಾನು ಒಂದರಿಂದ ನೂರು ಎಣಿಸಿದೆ. ಮತ್ತೆ ನೂರು. ತೋಳು ಅಲುಗಲಿಲ್ಲ. ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ.

ಸೈಟಿನ ಗೇಟಿನೊಳಗೆ ಜನ ಗುಂಪಾಗಿದ್ದರು. ಪಕ್ಕದ ಹೊಸ ಬ್ಲಾಕಿಗೆ ಲಿಫ್ಟ್ ಬರಬೇಕಾದ ಗುಂಡಿ, ಮೂರಾಳು ಆಳ, ಕೋಣೆಯಷ್ಟೂ ಅಗಲವಿಲ್ಲ. ತಮ್ಮ ಅದರ ತಳದಲ್ಲಿದ್ದ. ಅವನ ತಲೆಯ ಮೇಲೆ ಒಂದು ಮೊಳ ಎತ್ತರದಲ್ಲಿ ಎರಡು ಟನ್ನಿನ ಕಬ್ಬಿಣದ ಸರಳುಗಳ ಕಟ್ಟು ಓರೆಯಾಗಿ ನೇತಾಡುತ್ತಿತ್ತು. ಹತ್ತಿ ಬರುವ ಏಣಿಗೆ ಅದೇ ಅಡ್ಡ ನಿಂತಿತ್ತು. ಇಳಿಸುತ್ತಾ ಇಳಿಸುತ್ತಾ ಅಲ್ಲಿಗೆ ನಿಂತುಹೋಗಿದೆ. ವಾಕಿಟಾಕಿಯಲ್ಲಿ ಕರೆದರೆ ಉತ್ತರವಿಲ್ಲ. ಹದಿನಾರನೇ ಮಹಡಿಯಲ್ಲಿದ್ದ ವೆಲ್ಡರ್ ಅಲ್ಲಿಂದ ಕತ್ತು ಚಾಚಿ ನೋಡಿ ಫೋನಿನಲ್ಲಿ ಹೇಳಿದ್ದ: ಗಾಜಿಗೆ ಹಣೆ ಆನಿಸಿಕೊಂಡು ಕೂತಿದ್ದಾನೆ, ಬಲಗೈ ಲಿವರಿನ ಮೇಲೇ ಇದೆ, ಉಸಿರಾಡುತ್ತಿದ್ದಾನೆ.

ಲಿವರ್ ಅಲುಗದಿದ್ದರೆ ಭಾರ ಇದ್ದಲ್ಲೇ ಇರುತ್ತದೆ. ಮುಂದಕ್ಕೆ ಒತ್ತಿದರೆ ಇಳಿಯುತ್ತದೆ. ಅಷ್ಟು ನನಗೂ ಗೊತ್ತಿತ್ತು. ಕರೆಂಟ್ ತೆಗೆಯೋಣವೆಂದರೆ ಹಳೆಯ ಬ್ರೇಕು ಭಾರವನ್ನು ಹಿಡಿಯುತ್ತದೋ ಇಲ್ಲವೋ ಎಂಬ ಹೆದರಿಕೆ ಎಲ್ಲರಿಗೂ.

“ಸೈರನ್ ಹಾಕಿ, ಎದ್ದೇಳ್ತಾನೆ” ಎನ್ನುತ್ತಾ ಸೂಪರ್‌ವೈಸರ್ ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲು ತೆಗೆದಿದ್ದ. ನಾನು ಹೋಗಿ ಅವನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದೆ.

“ಹಾಕಬೇಡಿ. ಬೆಚ್ಚಿದ್ರೆ ಅವರ ಬಲಗೈ ಮುಂದಕ್ಕೆ ಹೋಗುತ್ತೆ. ಯಾವಾಗ್ಲೂ ಹೋಗುತ್ತೆ.”

“ಯಾರಮ್ಮ ನೀನು?”

“ಮೇಲಿರೋರ ಹೆಂಡ್ತಿ. ಕೆಳಗಿರೋನ ಅಕ್ಕ.”

ಆಮೇಲೆ ಎಲ್ಲವನ್ನೂ ಹೇಳಿದೆ. ತಿಂಗಳುಗಟ್ಟಲೆಯ ನಿದ್ದೆಗೇಡು, ಡಾಕ್ಟರ ಚೀಟಿ, ನನ್ನ ಚಿಕೋರಿ, ಎಲ್ಲ. ಇವರು ಇಷ್ಟು ದಿನ ಮುಚ್ಚಿಟ್ಟದ್ದನ್ನು ನಲವತ್ತು ಜನರ ಮುಂದೆ ಬಿಚ್ಚಿಹಾಕಿದೆ. ಕಾಂಕ್ರೀಟ್ ಮಿಕ್ಸರ್ ನಿಲ್ಲಿಸಿದರು. ಗೇಟಿನ ಹೊರಗೆ ಲಾರಿಯವನು ಹಾರ್ನ್ ಹೊಡೆಯದಂತೆ ಇಬ್ಬರು ಓಡಿದರು. ಸೂಪರ್‌ವೈಸರ್ ಫೋನಿನಲ್ಲಿ ಪಿಸುಗುಟ್ಟಿ ವೆಲ್ಡರನನ್ನು ಕ್ರೇನಿನ ಏಣಿ ಹತ್ತಿಸಿದ. ಹೆಸರು ಕೂಗಬೇಡ, ಭುಜ ಮುಟ್ಟಬೇಡ, ಎಡಗಾಲಿನ ಪಾದ ಮಾತ್ರ, ಮೆಲ್ಲಗೆ, ಹೆಬ್ಬೆರಳಲ್ಲಿ. ಇವರು ಕ್ಯಾಬಿನ್ನಿನಲ್ಲಿ ಬೂಟು ಬಿಚ್ಚಿಟ್ಟು ಕೂರುತ್ತಾರೆ ಎಂಬುದೊಂದೇ ನಮ್ಮ ಪುಣ್ಯ.

ನಾನು ಗುಂಡಿಯ ಅಂಚಿಗೆ ಹೋಗಿ ಹೊಟ್ಟೆಯ ಮೇಲೆ ಮಲಗಿ ಕೆಳಗೆ ನೋಡಿದೆ. ಸರಳುಗಳ ಸಂದಿಯಲ್ಲಿ ತಮ್ಮನ ಹಳದಿ ಹೆಲ್ಮೆಟ್ ಮಾತ್ರ ಕಾಣುತ್ತಿತ್ತು. ಗಾಳಿಗೆ ಕಟ್ಟು ತುಸು ತಿರುಗಿ, ಗೋಡೆಗೆ ಕಿರ್ರ್ ಎಂದು ಉಜ್ಜಿ ಮತ್ತೆ ಹಿಂದಕ್ಕೆ ಬಂತು.

“ಅಕ್ಕ,” ಅವನು ಪಿಸುಗುಟ್ಟಿದ, “ಆಣೆ ಇಟ್ಟಿದ್ದಕ್ಕೆ ಹಾಕಲಿಲ್ಲ. ನಿಜವಾಗ್ಲೂ ಹಾಕಲಿಲ್ಲ.”

“ಗೊತ್ತು ಕಣೋ.”

“ಭಾವ ನಿದ್ದೆ ಮಾಡ್ತಿದಾರಾ?”

“ಹೂಂ.”

“ಪಾಪ, ಮಾಡ್ಲಿ ಬಿಡು. ಎಷ್ಟು ದಿನ ಆಯ್ತು.” ನಗಲು ನೋಡಿದ, ಆಗಲಿಲ್ಲ. ಆಮೇಲೆ ಅವನು ಮಕ್ಕಳ ಹೆಸರು ಹೇಳಿಕೊಳ್ಳುವುದು ಕೇಳಿತು, ದೊಡ್ಡದು, ಚಿಕ್ಕದು, ಮತ್ತೆ ದೊಡ್ಡದು. ನನಗೆ ಕಿರುಚಿಕೊಳ್ಳಬೇಕು ಅನ್ನಿಸಿತು. ಕೈಯನ್ನು ಬಾಯಿಗೆ ಇಟ್ಟು ಕಚ್ಚಿಕೊಂಡೆ. ಆ ಹಲ್ಲಿನ ಗುರುತು ಇನ್ನೂ ಇದೆ.

ಹನ್ನೆರಡು ನಿಮಿಷ. ಕಟ್ಟು ಒಮ್ಮೆ ನಡುಗಿತು. ಒಂದು ಗೇಣು ಕೆಳಗೆ ಇಳಿಯಿತು. ಹೆಲ್ಮೆಟ್ ಕುಸಿದದ್ದು ಕಂಡಿತು. ತಮ್ಮ ಮಂಡಿಯೂರಿದ್ದ. ಆಮೇಲೆ ಕಟ್ಟು ನಿಧಾನವಾಗಿ, ತುಂಬ ನಿಧಾನವಾಗಿ, ಮೇಲಕ್ಕೆ ಎದ್ದಿತು.

ಅವನು ಏಣಿ ಹತ್ತಿ ಬಂದ. ನಾನು ತಬ್ಬಿಕೊಳ್ಳಲು ಹೋದೆ, ಅವನು ಪಕ್ಕಕ್ಕೆ ಸರಿದು ವಾಂತಿ ಮಾಡಿಕೊಂಡ. ಮಾರನೆಯ ದಿನದಿಂದ ಆ ಕೆಲಸಕ್ಕೆ ಹೋಗಲಿಲ್ಲ. ಈಗ ಒಂದು ಗೋದಾಮಿನಲ್ಲಿ ಚೀಲ ಹೊಲಿಯುತ್ತಾನೆ. ನಮ್ಮ ಮನೆಗೆ ಬಂದರೆ ನೀರು ಕೊಟ್ಟರೂ ಕುಡಿಯುವುದಿಲ್ಲ. “ಆಮೇಲೆ ಕುಡೀತೀನಿ ಅಕ್ಕ” ಎನ್ನುತ್ತಾನೆ.

ಯಜಮಾನರು ಇಳಿದು ಬಂದು ಎಲ್ಲರನ್ನೂ ನೋಡಿದರು, ನನ್ನನ್ನು ನೋಡಿದರು. ಏನೂ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ವಿಚಾರಣೆ ನಡೆಯುತ್ತದೆ, ಕೆಲಸ ಹೋಗುತ್ತದೆ, ಬೈಗುಳ ಬೀಳುತ್ತದೆ ಎಂದು ನಾನು ಕಾದೆ. ಯಾವುದೂ ಆಗಲಿಲ್ಲ. ವಿಚಾರಣೆ ನಡೆದರೆ ಸೈಟು ನಿಲ್ಲುತ್ತದಲ್ಲ. ಸೂಪರ್‌ವೈಸರ್ ದಿನಚರಿ ಪುಸ್ತಕದಲ್ಲಿ “ಗಾಳಿ ಹೆಚ್ಚಾಗಿದ್ದರಿಂದ ಕ್ರೇನ್ ಸ್ವಲ್ಪ ಹೊತ್ತು ನಿಲ್ಲಿಸಲಾಗಿತ್ತು” ಎಂದು ಬರೆದ. ಇವರ ಕೈಗೆ ಒಳ್ಳೆಯ ಕೆಲಸಗಾರ ಎಂದು ಒಂದು ಕಾಗದ ಕೊಟ್ಟು, ಇನ್ನು ಬರುವುದು ಬೇಡ ಎಂದ.

ಆ ಕಾಗದ ಹಿಡಿದು ಹೋದವರಿಗೆ ಹದಿನೈದೇ ದಿನದಲ್ಲಿ ಬೇರೆ ಕ್ರೇನ್ ಸಿಕ್ಕಿತು. ಪೇಟೆಯ ಆ ತುದಿಯಲ್ಲಿ, ಮೂವತ್ತು ಮಹಡಿಯ ಕಟ್ಟಡ. ನಮ್ಮ ಅಂಗಡಿ ಮೆಟ್ಟಿಲಿನಿಂದ ಕಾಣುವುದಿಲ್ಲ. ನಾನು ಒಂದು ಸಲ, “ಡಾಕ್ಟರಮ್ಮ ಹೇಳಿದ್ದು...” ಎಂದೆ. ಅವರು ಡಬ್ಬಿಯ ಮುಚ್ಚಳ ತೆಗೆದು ಮೂಸಿ, “ಇನ್ಮೇಲೆ ಪುಡಿ ನಾನೇ ತರ್ತೀನಿ” ಎಂದರು. ಅಷ್ಟೇ.

ಈಗ ಅವರೇ ತಂದ ಪುಡಿ. ಬೆರಳಲ್ಲಿ ಉಜ್ಜಿ ನೋಡಿದ್ದೇನೆ, ಚಿಕೋರಿಯ ಸುಳಿವೇ ಇಲ್ಲ, ಅಪ್ಪಟ ಕಾಫಿ. ಹೊಸ ಸೈಟಿನ ಫೋನ್ ನಂಬರು ಅವರ ಗುರುತಿನ ಚೀಟಿಯ ಹಿಂಬದಿಯಲ್ಲಿದೆ. ನನಗೆ ಬಾಯಿಪಾಠವಾಗಿದೆ. ಒಂದು ಸಲ ಒತ್ತಿಯೂ ಒತ್ತಿದೆ. ಆ ಕಡೆಯಿಂದ “ಹಲೋ” ಎಂದದ್ದೇ ಇಟ್ಟುಬಿಟ್ಟೆ. ಅವತ್ತು ನಲವತ್ತು ಜನರೆದುರು ಬಾಯಿ ಬಿಟ್ಟವಳಿಗೆ ಈಗ ಒಬ್ಬನಿಗೆ ಹೇಳಲು ಬಾಯಿ ಬರುವುದಿಲ್ಲ. ಅವತ್ತು ಕೆಳಗಿದ್ದವನು ನನ್ನ ತಮ್ಮ. ಈ ಮಾತು ಬರೆಯಲು ನನಗೇ ಹೇಸಿಗೆಯಾಗುತ್ತದೆ.

ನಿನ್ನೆ ರಾತ್ರಿ ಸಾವಿರದ ಆರುನೂರು ಹಾರಿದರಂತೆ. ಕೆಳಮನೆ ಅಜ್ಜಿ ಈಗ ದೂರುವುದಿಲ್ಲ, ಎಣಿಕೆಯನ್ನಷ್ಟೇ ಹೇಳುತ್ತಾರೆ. ಬೆಳಿಗ್ಗೆ ಪಾದ ಉಜ್ಜಲು ಇಪ್ಪತ್ತು ನಿಮಿಷ ಹಿಡಿಯಿತು. ಬಾಗಿಲಲ್ಲಿ ಫ್ಲಾಸ್ಕ್ ಕೊಡುವಾಗ ಕೇಳಿದೆ.

“ಅಲ್ಲಿ ಹಗ್ಗಕ್ಕೆ ಯಾರು ಕಟ್ತಾರೆ?”

“ಒಬ್ಬ ಇದಾನೆ. ಐವತ್ತರ ಹತ್ತಿರ ಇರಬೇಕು, ಕೆಲಸ ಮಾಡ್ತಾ ಸಣ್ಣಗೆ ಹಾಡ್ಕೋತಾ ಇರ್ತಾನೆ. ಅವನ ಅಕ್ಕನೂ ಅಲ್ಲೇ ಗೇಟಿನ ಹತ್ರ ಕಸ ಗುಡಿಸ್ತಾಳೆ. ಯಾಕೆ?”

“ಸುಮ್ನೆ ಕೇಳ್ದೆ” ಎಂದೆ. ಮುಚ್ಚಳ ಸಡಿಲವಾಗಿತ್ತು. ಬಿಗಿಯಾಗಿ ತಿರುಗಿಸಿ ಅವರ ಕೈಗೆ ಕೊಟ್ಟೆ.